ಹಿಲ್ಮಾ ಯಾರ ಹಡಗು?

ಅಮೆರಿಕದ ಬಂದರು ಪಟ್ಟಣ ಡುಲೂತ್‌ನಲ್ಲಿ ಇನ್ನೂ ಬೆಳಕು ಹರಿದಿಲ್ಲ. ಸರೋವರದ ಕಡೆಯಿಂದ ಬೀಸುವ ಗಾಳಿ ಕಿಟಕಿಯ ಸಂದಿಯಲ್ಲಿ ಸಣ್ಣಗೆ ಸಿಳ್ಳೆ ಹಾಕುತ್ತಿದೆ. ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುವ ಯಂತ್ರದ ಪಕ್ಕಕ್ಕೆ ಒತ್ತರಿಸಿಟ್ಟ ಮೇಜಿನ ಮುಂದೆ ರೋಝಾನ್ ಕಿವೆಲಾ ಕೂತಿದ್ದಾರೆ. ಮೈಮೇಲೆ ಗಂಡನ ಹಳೇ ಸ್ವೆಟರು, ಕೈಯಲ್ಲಿ ಹಾಲಿಲ್ಲದ ಕಾಫಿ. ಎದುರಿನ ಕಂಪ್ಯೂಟರಿನಲ್ಲಿ ಒಂದು ತಾರಾನೌಕೆ ನಿಧಾನಕ್ಕೆ ತಿರುಗುತ್ತಿದೆ. ಹ್ಯಾಲಿಫ್ಯಾಕ್ಸ್‌ನಲ್ಲಿ ಅಂಚೆ ಹಂಚುವ ಒಬ್ಬಾತ ಬಿಡಿಸಿದ ಪ್ರಯಾಣಿಕರ ಹಡಗು ಅದು. ನೋಡಿ ಹೇಳಿ ಎಂದು ನಿನ್ನೆ ಕಳಿಸಿದ್ದಾನೆ.

ರೋಝಾನ್ ಅದನ್ನು ಮೇಲಿನಿಂದ ನೋಡುತ್ತಾರೆ, ಕೆಳಗಿನಿಂದ ನೋಡುತ್ತಾರೆ, ಹೊಟ್ಟೆ ಸೀಳಿ ಒಳಗಿನ ಮಹಡಿಗಳನ್ನು ಒಂದೊಂದಾಗಿ ಬಿಚ್ಚಿ ನೋಡುತ್ತಾರೆ. ಕಿಟಕಿಗಳ ಸಾಲು ಚೆನ್ನಾಗಿದೆ, ಮೂತಿಯ ಬಾಗು ಚೆನ್ನಾಗಿದೆ. ಕಾಫಿ ಮುಗಿಯುವ ಹೊತ್ತಿಗೆ ತಪ್ಪು ಸಿಗುತ್ತದೆ.

“ಜನ ಹತ್ತೋಕೆ ಎಂಟು ಬಾಗಿಲು ಇಟ್ಟಿದ್ದಾನೆ. ಅವರ ಪೆಟ್ಟಿಗೆ ಹತ್ತೋಕೆ ಒಂದೂ ಇಲ್ಲ. ಮೂರು ತಿಂಗಳ ಪ್ರಯಾಣ. ಎಲ್ಲರೂ ಉಟ್ಟ ಬಟ್ಟೇಲೇ ಹೋಗಿ ಬರ್ತಾರೇನೋ.”

ಆತನಿಗೆ ಹಾಗೆ ಬರೆಯುವುದಿಲ್ಲ. ಕಿಟಕಿಗಳನ್ನು ಹೊಗಳಿ, ಸಾಮಾನಿನ ಬಾಗಿಲು ಇಂಥ ಕಡೆ ಇಟ್ಟರೆ ಹೇಗೆ ಎಂದು ಕೇಳಿ, ಪುಟ್ಟದೊಂದು ಚಿತ್ರ ಗೀಚಿ ಕಳಿಸುತ್ತಾರೆ. ಬೆಳಿಗ್ಗೆಗೆ ಒಂದು ಹಡಗು, ಹೆಚ್ಚೆಂದರೆ ಎರಡು. ಆಮೇಲೆ ಬೂಟು ಹಾಕಿಕೊಂಡು, ಕಾರಿನ ಗಾಜಿನ ಮೇಲಿನ ಹಿಮ ಕೆರೆದು, ಊರಿನ ಪಶ್ಚಿಮ ಭಾಗದ ಶಾಲೆಗೆ ಹೊರಡುತ್ತಾರೆ. ಅಲ್ಲಿನ ಅಡುಗೆಮನೆಯಲ್ಲಿ ಸುಮಾರು ನಾನೂರು ಮಕ್ಕಳಿಗೆ ಮಧ್ಯಾಹ್ನದ ಊಟ ಬೇಯಿಸುವುದು ಅವರ ಸಂಬಳದ ಕೆಲಸ. ನೆಲಮಾಳಿಗೆಯದಕ್ಕೆ ಸಂಬಳವಿಲ್ಲ, ಹುದ್ದೆಯ ಹೆಸರೂ ಇಲ್ಲ. ಶಾಲೆಯಲ್ಲಿ ಅವರ ಜೊತೆ ತಟ್ಟೆ ತೊಳೆಯುವವರಿಗೆ ಕಳೆದ ಅಕ್ಟೋಬರ್‌ವರೆಗೆ ಅದರ ಸುಳಿವೂ ಇರಲಿಲ್ಲ.

‘ಲಾಂಗ್ ಮೆರಿಡಿಯನ್’ ಎಂಬ ಟಿವಿ ಧಾರಾವಾಹಿಯನ್ನು ನೋಡಿದವರಿಗೆ ಅದರ ಹಡಗುಗಳ ಗುರುತು ಹೇಳಬೇಕಿಲ್ಲ. ಆ ಲೋಕದ ಯಾವ ಹಡಗೇ ಆಗಲಿ, ಸೊಂಟದ ಸುತ್ತ ಎರಡು ಬೃಹತ್ ಬಳೆಗಳಿರುತ್ತವೆ. ಬಳೆ ತಿರುಗಿದರೆ ಹಡಗು ಹಾರುತ್ತದೆ, ನಿಂತರೆ ನಿಲ್ಲುತ್ತದೆ. ಧಾರಾವಾಹಿಯಲ್ಲಿ ಕಾಣುತ್ತಿದ್ದದ್ದು ಹೆಚ್ಚಾಗಿ ‘ಕಾನ್‌ಸ್ಟನ್ಸ್’ ಎಂಬ ಒಂದೇ ಹಡಗು, ಅದರ ಕ್ಯಾಪ್ಟನ್ನು, ಅದರ ಕಾಳಗಗಳು. ಮಿಕ್ಕ ನೌಕಾಪಡೆಯೆಲ್ಲ ಮಾತಿನಲ್ಲಿ ಬಂದು ಮಾತಿನಲ್ಲೇ ಹೋಗುತ್ತಿತ್ತು. ಆ ಮಿಕ್ಕಿದ್ದನ್ನೆಲ್ಲ ಕಟ್ಟಿದವರು ಅಭಿಮಾನಿಗಳು. ನೀರು ಹೊರುವ ಹಡಗು, ಗಾಯಾಳುಗಳ ಹಡಗು, ಹಂದಿ ಕುರಿ ಸಾಗಿಸುವ ಹಡಗು. ಮೊದಲು ಚೌಕುಳಿ ಹಾಳೆಯ ಮೇಲೆ ಪೆನ್ಸಿಲ್ಲಿನಲ್ಲಿ, ಈಗ ಕಂಪ್ಯೂಟರಿನಲ್ಲಿ. ‘ಯಾರ್ಡ್’ ಎಂಬ ಹೆಸರಿನ ಅವರ ಅಂತರ್ಜಾಲ ಕಟ್ಟೆಯಲ್ಲಿ ಇವತ್ತಿಗೆ ಸಾವಿರಾರು ಹಡಗುಗಳಿವೆ. ಅಲ್ಲಿ ರೋಝಾನ್‌ರನ್ನು ಎಲ್ಲರೂ ಕರೆಯುವುದು ‘ಕುಕ್ಕಿ’ ಎಂದು. ಸರೋವರದ ಹಡಗುಗಳಲ್ಲಿ ಅಡುಗೆಯವರನ್ನು ಕರೆಯುವ ಹೆಸರು ಅದು.

ಧಾರಾವಾಹಿ ಮೊದಲ ಸಲ ಬಂದಾಗ ರೋಝಾನ್‌ಗೆ ಹನ್ನೊಂದು ವರ್ಷ. ತಂದೆ ಆರ್ವಿಡ್ ಇದೇ ಬಂದರಿನಲ್ಲಿ ಟಗ್ ಓಡಿಸುತ್ತಿದ್ದರು. ಕಬ್ಬಿಣದ ಅದಿರು ಹೊತ್ತ ಭಾರಿ ಹಡಗುಗಳನ್ನು ಧಕ್ಕೆಯ ಕಲ್ಲುಕಟ್ಟೆಗೆ ಎಳೆದು ತರುವ, ಮೊಂಡು ಮೂಗಿನ ಪುಟ್ಟ ದೋಣಿ ಅದು. ಒಂದು ಭಾನುವಾರದ ಕಂತಿನಲ್ಲಿ ಕಾನ್‌ಸ್ಟನ್ಸ್‌ನ ಎರಡೂ ಬಳೆ ಮುರಿದು, ಎಲ್ಲೋ ಕತ್ತಲಲ್ಲಿ ಸತ್ತ ಮೀನಿನ ಹಾಗೆ ತೇಲುತ್ತ ನಿಂತಿತು. ಮುಂದಿನ ಭಾನುವಾರ ನೋಡಿದರೆ ರಿಪೇರಿಯಾಗಿ, ಥಳಥಳ ಹೊಳೆಯುತ್ತ ಬಂದರಿನಲ್ಲಿದೆ. ಪತ್ರಿಕೆಯ ಹಿಂದೆ ಮುಖ ಮುಚ್ಚಿಕೊಂಡಿದ್ದ ಆರ್ವಿಡ್ ಒಂದೇ ಪ್ರಶ್ನೆ ಕೇಳಿದರು.

“ಅಲ್ಲ, ಇದನ್ನ ಯಾರು ಎಳಕೊಂಡು ಬಂದ್ರು?”

ರೋಝಾನ್ ಪೆನ್ಸಿಲ್ ತೆಗೆದುಕೊಂಡರು. ಅಪ್ಪನ ಟಗ್‌ನಲ್ಲಿ ಹಗ್ಗ ಕಟ್ಟುವ ಕಂಬ ಯಾವಾಗಲೋ ಧಕ್ಕೆಗೆ ಬಡಿದು ಒಂದು ಪಕ್ಕಕ್ಕೆ ವಾಲಿತ್ತು, ಅದನ್ನು ಯಾರೂ ನೆಟ್ಟಗೆ ಮಾಡಿರಲಿಲ್ಲ. ಹುಡುಗಿಯ ಚಿತ್ರದಲ್ಲೂ ಅದು ವಾಲಿಯೇ ಬಂತು. ಮುಂದಿನ ವರ್ಷಗಳಲ್ಲಿ ಆ ವಾಲಿದ ಕಂಬ ಉದ್ದವಾಗಿ, ಬಾಗಿ, ಒಂದು ತೋಳಾಯಿತು. ಚಾಲಕನ ಕೋಣೆ ಬೆನ್ನಿನ ಮೇಲೆ ಕೂತ ಗೂಡಾಯಿತು. ಧಾರಾವಾಹಿ ತೆಗೆಯುವ ಸ್ಟುಡಿಯೊದವರ ಹಡಗುಗಳೆಲ್ಲ ನಡುವೆ ಮಡಿಚಿದರೆ ಎರಡೂ ಕಡೆ ಸರಿಹೊಂದುವಂಥವು. ಇದೊಂದೇ ಸೊಟ್ಟ. ಸೊಂಟಕ್ಕೆ ಮಾತ್ರ ಅವೇ ಎರಡು ಬಳೆ.

ಅದಕ್ಕೆ ಹೆಸರು ಬಂದ ಕತೆಯನ್ನು ರೋಝಾನ್ ನಗುತ್ತಲೇ ಹೇಳುತ್ತಾರೆ. ಇಲ್ಲಿನ ಟಗ್‌ಗಳಿಗೆ ಮಾಲೀಕನ ಹೆಂಡತಿಯದೋ ಮಗಳದೋ ಹೆಸರಿಡುವುದು ರೂಢಿ. ಆರ್ವಿಡ್ ಮಾಲೀಕರಲ್ಲ, ಆಳು. ಹಾಗಾಗಿ ಅವರು ದುಡಿದ ಟಗ್‌ಗೆ ಎಂದೂ ಅವರ ಮನೆಯವರ ಹೆಸರಿರಲಿಲ್ಲ. ಅಮ್ಮ ಹಿಲ್ಮಾ ಬಂದವರ ಮುಂದೆಲ್ಲ ಅದನ್ನೇ ಎತ್ತಿ ಆಡುತ್ತಿದ್ದರು.

“ನನ್ನ ಗಂಡ ಮೂವತ್ತು ವರ್ಷ ಇನ್ನೊಬ್ಬನ ಹೆಂಡ್ತಿ ಜೊತೆ ಸಂಸಾರ ಮಾಡ್ದ. ನನ್ನ ಪಾಲಿಗೆ ಬಂದಿದ್ದು ಗ್ರೀಸ್ ಮೆತ್ತಿದ ಪ್ಯಾಂಟು ಒಗೆಯೋದು.”

ಅಮ್ಮ ತೀರಿಕೊಂಡ ವರ್ಷ ರೋಝಾನ್ ಆ ಸೊಟ್ಟ ಹಡಗಿನ ನಕ್ಷೆಗಳನ್ನು ಮೊದಲ ಬಾರಿಗೆ ಯಾರ್ಡ್‌ನಲ್ಲಿ ಹಾಕಿದರು. ಮೂಗಿನ ಮೇಲೆ ಬಿಳಿ ಅಕ್ಷರದಲ್ಲಿ ‘ಹಿಲ್ಮಾ’ ಎಂದು ಬರೆದಿತ್ತು.

ಅಲ್ಲಿಂದ ಈಚೆಗೆ ಹಿಲ್ಮಾ ಅವರೊಬ್ಬರದೇ ಆಗಿ ಉಳಿಯಲಿಲ್ಲ. ಒಬ್ಬರು ಅದನ್ನು ಮರದಲ್ಲಿ ಕೆತ್ತಿದರು, ಒಬ್ಬರು ಅದರ ಸಿಬ್ಬಂದಿಯ ಮೇಲೆ ಉದ್ದುದ್ದ ಕತೆ ಬರೆದರು, ಇನ್ನೊಬ್ಬರು ಮದುವೆಯ ಕೇಕಿನ ಮೇಲೆ ಕೂರಿಸಿದರು. ಯಾರ್ಡ್‌ನಲ್ಲಿ ಇದಕ್ಕೊಂದು ಶಿಸ್ತಿದೆ. ಇನ್ನೊಬ್ಬರ ಹಡಗು ಬೇಕಾದರೆ ಮೊದಲು ಕೇಳಬೇಕು, ಕೊಟ್ಟರೆ ಅವರ ಹೆಸರು ಹಾಕಬೇಕು, ಮಾರಬಾರದು. ಎಲ್ಲೂ ಬರೆದಿಟ್ಟ ನಿಯಮವಲ್ಲ. ಆದರೂ ಮೀರಿದವರನ್ನು ಯಾರೂ ಮಾತಾಡಿಸುವುದಿಲ್ಲ. ಕೇಳಿದವರಿಗೆಲ್ಲ ರೋಝಾನ್ ಕೊಟ್ಟ ಉತ್ತರ ಒಂದೇ, “ತಗೊಳ್ಳಿ.” ಇಲ್ಲ ಎಂದದ್ದು ಒಂದೇ ಸಲ, ಹಿಲ್ಮಾಗೆ ತೋಪು ಕೂರಿಸುತ್ತೇನೆ ಎಂದವನಿಗೆ.

ಕಳೆದ ಶರತ್ಕಾಲದಲ್ಲಿ ಸ್ಟುಡಿಯೊ ‘ಲಾಂಗ್ ಮೆರಿಡಿಯನ್’ ಅನ್ನು ಹೊಸದಾಗಿ ತೆರೆಗೆ ತಂದಿತು. ಹೊಸ ನಟರು, ಹೊಸ ಕಾನ್‌ಸ್ಟನ್ಸ್. ಅಕ್ಟೋಬರಿನ ಒಂದು ಸಂಜೆ ರೋಝಾನ್ ಮತ್ತು ಗಂಡ ಲೈಲ್ ತಟ್ಟೆ ತೊಡೆಯ ಮೇಲಿಟ್ಟುಕೊಂಡು ನಾಲ್ಕನೆಯ ಕಂತು ನೋಡುತ್ತಿದ್ದರು. ಲೈಲ್ ಅದಿರಿನ ಧಕ್ಕೆಯಲ್ಲಿ ದುಡಿದು ನಿವೃತ್ತರಾದವರು. ಹೆಂಡತಿಯ ಹಡಗುಗಳ ಬಗ್ಗೆ ಅವರಿಗೆ ತಿಳಿದಿರುವುದಕ್ಕಿಂತ ತಿಳಿಯದಿರುವುದೇ ಹೆಚ್ಚು. ಕಾಳಗ ಮುಗಿದು, ಹೊಗೆ ಚದುರಿ, ಮುರಿದ ಹಡಗೊಂದರ ಹಿಂದಿನಿಂದ ಸಣ್ಣದೊಂದು ಆಕಾರ ಮೆಲ್ಲಗೆ ಬಂತು. ಒಂದು ಪಕ್ಕಕ್ಕೆ ಬಾಗಿದ ತೋಳು, ಬೆನ್ನ ಮೇಲೆ ಗೂಡು.

ಫೋರ್ಕ್ ತಟ್ಟೆಯಲ್ಲಿಟ್ಟು ಲೈಲ್ ಕೇಳಿದರು, “ರೋಝಿ, ಅದು ನಿಮ್ಮಮ್ಮ ಅಲ್ವಾ?”

ಕಣ್ಣು ಮಿಟುಕಿಸುವಷ್ಟರಲ್ಲಿ ಹಡಗು ಹೋಯಿತು. ಮೂಗಿನ ಮೇಲೆ ಹೆಸರಿರಲಿಲ್ಲ, ಬರೀ ಒಂದು ಸಂಖ್ಯೆ ಇತ್ತು. ಕಂತು ಮುಗಿದು ಹೆಸರುಗಳ ಪಟ್ಟಿ ಓಡುವವರೆಗೆ ಅವರು ಎದ್ದೇಳಲಿಲ್ಲ. ನೂರಾರು ಹೆಸರು ಹೋದವು. ಆಗ ಏನನ್ನಿಸಿತು ಎಂದು ಕೇಳಿದರೆ ಸ್ವಲ್ಪ ಯೋಚಿಸಿ ಹೇಳುತ್ತಾರೆ, “ಮೊದಲು ಖುಷಿಯೇ ಆಯ್ತು. ಅದನ್ನ ಅಡಗಿಸಿ ಹೇಳಿದ್ರೆ ಸುಳ್ಳಾಗುತ್ತೆ. ಸಿಟ್ಟು ಬಂದಿದ್ದು ಪಾತ್ರೆ ತೊಳೀವಾಗ.”

ಮರುದಿನದ ಹೊತ್ತಿಗೆ ಯಾರ್ಡ್ ಕೊತಕೊತ ಕುದಿಯುತ್ತಿತ್ತು. ಟಲ್ಸಾದ ಬ್ರಾಡಿ ಹೋಲ್ಕಂಬ್ ಎಂಬಾತ ವಿಮೆ ಕಂಪನಿಯಲ್ಲಿ ಕೆಲಸ ಮಾಡುತ್ತ ಬಿಡುವಿನಲ್ಲಿ ಹಡಗುಗಳ ಬಗ್ಗೆ ವಿಡಿಯೊ ಮಾಡುವವನು. ರೋಝಾನ್‌ರ ಹಳೇ ನಕ್ಷೆಯನ್ನೂ ಟಿವಿಯ ಚಿತ್ರವನ್ನೂ ಅಕ್ಕಪಕ್ಕ ಇಟ್ಟು ತೋರಿಸಿದ. ತೋಳಿನ ಮೂರು ಗೆಣ್ಣುಗಳೂ ಅವೇ, ಗೂಡಿನ ಏಣಿಯೂ ಅದೇ. ಸ್ಟುಡಿಯೊ ಒಬ್ಬ ಅಡುಗೆಯವಳನ್ನು ದೋಚಿದೆ ಎಂದ. ಅಡುಗೆಯವಳು ಎಂಬ ಮಾತು ಜನರಿಗೆ ಹಿಡಿಸಿತು. ವಾರದೊಳಗೆ ಲಕ್ಷಾಂತರ ಮಂದಿ ನೋಡಿದರು. ಶಾಲೆಯ ಅಡುಗೆಮನೆಗೂ ಸುದ್ದಿ ಮುಟ್ಟಿತು. ಯಾರೋ ಒಬ್ಬ ಶಿಕ್ಷಕರು ಸೂಪಿನ ಸಾಲಿನಲ್ಲಿ ನಿಂತು ಅಭಿನಂದನೆ ಹೇಳಿದರು, ಇನ್ನೊಬ್ಬರು ಸಂತಾಪ ಹೇಳಿದರು. ಎಲ್ಲರ ಸಲಹೆ ಒಂದೇ ಆಗಿತ್ತು. ದಾವೆ ಹೂಡಿ.

ರೋಝಾನ್ ದಾವೆ ಹೂಡಲಿಲ್ಲ. ಒಂದು ಶನಿವಾರ ಊರಿನ ಗ್ರಂಥಾಲಯಕ್ಕೆ ಹೋದರು. ಅಲ್ಲಿ ವಾರಕ್ಕೊಮ್ಮೆ ವಕೀಲರು ಬಂದು ಬಿಟ್ಟಿಯಾಗಿ ಸಲಹೆ ಕೊಡುತ್ತಾರೆ. ಆವತ್ತು ಇದ್ದವರು ಗ್ವೆನ್ ಡುಫೋ. ಹೆಚ್ಚಾಗಿ ಮನೆ ಬಾಡಿಗೆ, ವಿಚ್ಛೇದನದ ತಕರಾರು ನೋಡುವವರು. ತಾರಾನೌಕೆಯ ಮೊಕದ್ದಮೆ ಇದೇ ಮೊದಲು ಎಂದರಂತೆ. ಆದರೂ ಒಂದು ವಾರ ಸಮಯ ಕೇಳಿ, ಓದಿಕೊಂಡು ಬಂದು, ಮುಂದಿನ ಶನಿವಾರ ಕೂರಿಸಿ ಹೇಳಿದರು. ಹಿಲ್ಮಾದ ಸೊಂಟದಲ್ಲಿರುವ ಬಳೆಗಳು ಸ್ಟುಡಿಯೊದವು. ಅವರ ಲೋಕದಲ್ಲಿ, ಅವರ ಅನುಮತಿಯಿಲ್ಲದೆ ಕಟ್ಟಿದ ಹಡಗು ಅದು. ಕೋರ್ಟಿಗೆ ಹೋದರೆ ಎದುರಿನವರು ಮೊದಲು ಎತ್ತುವುದು ಅದನ್ನೇ.

“ಹಾಗಾದ್ರೆ ಹಿಲ್ಮಾ ಅವರದ್ದಾ?” ಎಂದು ರೋಝಾನ್ ಕೇಳಿದರು.

“ಅಷ್ಟು ಸಲೀಸಾಗಿ ಅವರದ್ದೂ ಆಗಲ್ಲ. ತೋಳು ನೀವು ಯೋಚಿಸಿದ್ದು. ನಿಮ್ಮದು ಅಂತ ತೋರಿಸೋದೂ ಕಷ್ಟ, ಅವರದು ಅಂತ ತೋರಿಸೋದೂ ಕಷ್ಟ. ಇಂಥ ಕಡೆ ಯಾರಿಗೆ ಜಾಸ್ತಿ ದಿನ ವಕೀಲರನ್ನ ಸಾಕೋ ಶಕ್ತಿ ಇರುತ್ತೋ ಅವರು ಗೆಲ್ತಾರೆ.”

ರೋಝಾನ್‌ಗೆ ಅದು ಅರ್ಥವಾಯಿತು. ಅದಕ್ಕೆ ಅವರು ಅರ್ಧ ಸಿದ್ಧರಾಗಿಯೇ ಬಂದಿದ್ದರು. ಎದ್ದು ಕೋಟು ಹಾಕಿಕೊಳ್ಳುವಾಗ ಸುಮ್ಮನೆ ಎಂಬಂತೆ ಇನ್ನೊಂದು ಮಾತು ಕೇಳಿದರು. ಇಷ್ಟು ವರ್ಷ ಜನ ಬಂದು ಹಿಲ್ಮಾ ಬೇಕು ಅಂದಾಗೆಲ್ಲ ತಾನು ತಗೊಳ್ಳಿ ಅಂದದ್ದು?

ಗ್ವೆನ್ ಹೇಳಿದರು, “ಹಾಗೆ ಹೇಳೋ ಹಕ್ಕು ನಿಮಗಿತ್ತು ಅಂತ ನಾನು ಹೇಳಲಾರೆ.”

ಆ ಮಾತು ಒಳಗೆ ನಾಟಿತು. ಟಿವಿಯವರು ತೆಗೆದುಕೊಂಡದ್ದಕ್ಕಿಂತ ಇದೇ ಹೆಚ್ಚು ನೋವು ಕೊಟ್ಟಿತು ಎನ್ನುತ್ತಾರೆ. ಸಂಬಳ, ಮನೆ, ಕಾರು, ಎಲ್ಲದರಲ್ಲೂ ಲೆಕ್ಕ ಹಾಕಿ ಬದುಕಿದವರು ಅವರು. ಧಾರಾಳವಾಗಿ ಕೊಟ್ಟದ್ದು ಇದೊಂದನ್ನೇ. ಅದೂ ತನ್ನದಲ್ಲದ್ದನ್ನು ಕೊಟ್ಟ ಹಾಗಾಯಿತು. ಆ ವಾರವೆಲ್ಲ ಅವರು ನೆಲಮಾಳಿಗೆಗೆ ಇಳಿಯಲಿಲ್ಲ. ಯಾರ್ಡ್‌ನಲ್ಲಿ ಕುಕ್ಕಿಗೆ ಹುಷಾರಿಲ್ಲವೇ ಎಂದು ಜನ ಕೇಳತೊಡಗಿದರು.

ಫೋನ್ ಬಂದದ್ದು ಅದೇ ಹೊತ್ತಿಗೆ, ವ್ಯಾಂಕೂವರ್‌ನಿಂದ. ಮಾತಾಡಿದವನು ಟ್ರೆವರ್ ಪ್ರಿಸ್ಟೂಪಾ. ಸ್ಟುಡಿಯೊಗೆ ಹಡಗು, ಸ್ಫೋಟಗಳ ದೃಶ್ಯ ಮಾಡಿಕೊಡುವ ಕಂಪನಿಯೊಂದರಲ್ಲಿ ಕಲಾವಿದ. ವಿನಿಪೆಗ್‌ನಲ್ಲಿದ್ದಾಗ ಯಾರ್ಡ್‌ಗೆ ಬರುತ್ತಿದ್ದವನು. ರೋಝಾನ್ ಅವನನ್ನು ಮರೆತಿರಲಿಲ್ಲ.

“ನೆನಪಿದೆ. ಕಾರ್ಡ್‌ಬೋರ್ಡಲ್ಲಿ ಹಿಲ್ಮಾ ಮಾಡಿದ್ದೆ ನೀನು. ತೋಳು ಪದೇಪದೇ ಉದುರಿ ಬೀಳ್ತಿತ್ತು.”

ಟ್ರೆವರ್ ನಗಲಿಲ್ಲ. ನಿರ್ದೇಶಕರು ಒಂದು ಸಂಜೆ ಬಂದು ನಾಳೆಗೆ ಒಂದು ಟಗ್ ಬೇಕು ಎಂದರಂತೆ. ಅವನು ಕೂತು ಬಿಡಿಸಿದ. ಅರ್ಧಕ್ಕೆ ಬರುವಾಗಲೇ ತಾನೇನು ಬಿಡಿಸುತ್ತಿದ್ದೇನೆ ಎಂದು ಗೊತ್ತಾಯಿತು. ನಿಲ್ಲಿಸಲಿಲ್ಲ. ತಾನು ಬಿಡಿಸಿಕೊಡುವುದೆಲ್ಲ ತನ್ನ ಸ್ವಂತ ಕಲ್ಪನೆಯದೇ, ಬೇರೆಯವರಿಂದ ತೆಗೆದದ್ದಲ್ಲ ಎಂದು ಕೆಲಸಕ್ಕೆ ಸೇರುವಾಗಲೇ ಕಂಪನಿಗೆ ಸಹಿ ಹಾಕಿಕೊಟ್ಟವನು ಅವನು. ಇದನ್ನು ಹೇಳುವಾಗ ಅವನ ದನಿ ಕಂಠಪಾಠ ಒಪ್ಪಿಸುವವನ ಹಾಗಿತ್ತು ಎಂದು ರೋಝಾನ್ ನೆನೆಸಿಕೊಳ್ಳುತ್ತಾರೆ.

“ಕೇಳಬಹುದಿತ್ತಲ್ಲ?” ಎಂದರು ರೋಝಾನ್.

“ಕೇಳಬಹುದಿತ್ತು. ಕೇಳಿದ್ರೆ ನೀವು ತಗೋ ಅಂತಿದ್ರಿ. ಆಮೇಲೆ ನಾನು ಕಂಪನಿಗೆ ಹೇಳ್ಬೇಕಾಗ್ತಿತ್ತು, ಅವರು ಬೇಡ ಅಂತಿದ್ರು. ಬೇರೆ ಯಾವುದೋ ಡಬ್ಬ ಹಾಕ್ತಿದ್ರು. ನನಗೆ ಹಿಲ್ಮಾನೇ ಬರಬೇಕಿತ್ತು, ಕುಕ್ಕಿ. ಅಷ್ಟು ದೊಡ್ಡ ಪರದೆ ಮೇಲೆ.”

ಬ್ರಾಡಿಯ ವಿಡಿಯೊ ನೋಡಿದ ಮೇಲೆ ತನ್ನ ಮೇಲಿನವರ ಬಳಿ ಹೋಗಿ ಎಲ್ಲವನ್ನೂ ತಾನೇ ಹೇಳಿದ್ದಾನೆ. ಅವರು ಸ್ಟುಡಿಯೊಗೆ ಹೇಳಿದ್ದಾರೆ. ಇನ್ನು ಅವರ ವಕೀಲರು ನಿಮಗೆ ಫೋನ್ ಮಾಡುತ್ತಾರೆ, ಅದಕ್ಕೆ ಮೊದಲು ನನ್ನ ಬಾಯಿಂದಲೇ ನೀವು ಕೇಳಬೇಕಿತ್ತು ಎಂದ. ಕೆಲಸದ ವಿಷಯ ಅವನು ಎತ್ತಲಿಲ್ಲ. ರೋಝಾನ್ ಅವರೇ ಕೇಳಿ ತಿಳಿದುಕೊಂಡರು. ಹಿಲ್ಮಾದ ಬಗ್ಗೆ ಅವರಿಗೂ ಸ್ಟುಡಿಯೊಗೂ ಒಪ್ಪಂದವಾದರೆ ಟ್ರೆವರ್ ಉಳಿಯುತ್ತಾನೆ. ಇಲ್ಲದಿದ್ದರೆ ಆ ದೃಶ್ಯವನ್ನು ಕತ್ತರಿಸಿ ತೆಗೆಯುತ್ತಾರೆ, ಅವನನ್ನೂ ತೆಗೆಯುತ್ತಾರೆ.

ಸ್ಟುಡಿಯೊದ ವಕೀಲೆ ಲಾಸ್ ಏಂಜಲಿಸ್‌ನಿಂದ ಫೋನ್ ಮಾಡಿದರು. ತುಂಬ ಮರ್ಯಾದೆಯಿಂದ ಮಾತಾಡಿದರು. ಅವರು ಕೇಳಿದ್ದು ಮೂರು. ಹಡಗಿನ ಆಕಾರ, ಅದರ ನಕ್ಷೆಗಳೆಲ್ಲ, ಅದರ ಹೆಸರು, ಇವೆಲ್ಲ ಇನ್ನು ಸ್ಟುಡಿಯೊದ ಸ್ವತ್ತು ಎಂದು ರೋಝಾನ್ ಒಪ್ಪಬೇಕು. ಪ್ರತಿಯಾಗಿ ಸ್ಟುಡಿಯೊ ಟ್ರೆವರ್‌ನ ಮೇಲಾಗಲಿ ರೋಝಾನ್‌ರ ಮೇಲಾಗಲಿ ಯಾವ ಕ್ರಮವನ್ನೂ ಕೈಗೊಳ್ಳುವುದಿಲ್ಲ. ಹೆಸರುಗಳ ಪಟ್ಟಿಯಲ್ಲಿ ರೋಝಾನ್‌ರ ಹೆಸರು ಬರುವುದಿಲ್ಲ. ಒಬ್ಬ ಅಭಿಮಾನಿಯ ಹೆಸರು ಹಾಕಿದರೆ ಉಳಿದವರೂ ಬಾಗಿಲಿಗೆ ಬರುತ್ತಾರೆ ಎಂಬುದು ಅವರ ಲೆಕ್ಕಾಚಾರ.

ಲೈಲ್‌ಗೆ ಇದು ಒಂಚೂರೂ ಹಿಡಿಸಲಿಲ್ಲ. ಆವತ್ತು ಸಂಜೆ ಅಡುಗೆಮನೆಯಲ್ಲಿ ಗಂಡ ಹೆಂಡತಿಗೆ ಸಣ್ಣ ಜಟಾಪಟಿಯೇ ಆಯಿತು.

“ಕದ್ದವನ ಕೆಲಸ ಉಳಿಸೋಕೆ ನೀನು ನಿನ್ನ ಹಡಗು ಬಿಟ್ಟುಕೊಡ್ತೀಯಾ? ಅವನು ನಿನಗೇನಾಗ್ಬೇಕು?”

“ಏನೂ ಆಗ್ಬೇಕಿಲ್ಲ.”

“ಮತ್ತೆ?”

“ನಾನೂ ಕೇಳದೇನೇ ತಗೊಂಡೋಳು ಲೈಲ್. ಆ ಬಳೆಗಳನ್ನ ಯಾರನ್ನ ಕೇಳಿ ಹಾಕ್ದೆ? ಇಷ್ಟು ವರ್ಷ ನನ್ನನ್ನ ಯಾರೂ ಹಿಡೀಲಿಲ್ಲ, ಅವನನ್ನ ಹಿಡಿದ್ರು. ಅಷ್ಟೇ ವ್ಯತ್ಯಾಸ.”

ಲೈಲ್ ಅದಕ್ಕೆ ಒಪ್ಪಲಿಲ್ಲ. ಈಗಲೂ ಒಪ್ಪಿಲ್ಲ. ಟಿವಿ ಮುಂದೆ ಕೂತು ಚಿತ್ರ ಬಿಡಿಸುವ ಹನ್ನೊಂದು ವರ್ಷದ ಹುಡುಗಿಗೂ ಸಂಬಳ ತೆಗೆದುಕೊಂಡು ಬಿಡಿಸುವ ಗಂಡಸಿಗೂ ಒಂದೇ ತಕ್ಕಡಿಯೇ ಎಂದು ಕೇಳುತ್ತಾರೆ. ಅವರ ಮಾತಿನಲ್ಲೂ ತೂಕವಿದೆ. ರೋಝಾನ್ ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಆ ನಾಲ್ಕೈದು ದಿನ ಶಾಲೆಯಲ್ಲಿ ಆಲೂಗಡ್ಡೆ ಹೆಚ್ಚುತ್ತ ಅವರು ಯೋಚಿಸಿದ್ದು ಬೇರೆಯೇ. ಬಳೆ ಸ್ಟುಡಿಯೊದ್ದು. ತೋಳಿನ ವಾಲು ಅಪ್ಪನ ಟಗ್‌ನದು, ಅದನ್ನು ವಾಲಿಸಿದ್ದು ಯಾವುದೋ ಧಕ್ಕೆಯ ಕಲ್ಲು. ಗೂಡು ಈ ಬಂದರಿನ ಎಲ್ಲ ಟಗ್‌ಗಳಲ್ಲೂ ಇರುವಂಥದು. ಒಂದೊಂದಾಗಿ ಬಿಚ್ಚುತ್ತ ಹೋದರೆ ತನ್ನದು ಎಂದು ಕೊನೆಗೆ ಉಳಿಯುವುದು ಏನು? ಉಳಿದದ್ದು ಒಂದೇ ಅನ್ನಿಸಿತು.

ವಕೀಲೆ ಮತ್ತೆ ಫೋನ್ ಮಾಡಿದಾಗ ಅವರು ಅದನ್ನೇ ಹೇಳಿದರು. ಆಕಾರ ತಗೊಳ್ಳಿ, ನಕ್ಷೆ ತಗೊಳ್ಳಿ. ಹೆಸರು ಕೊಡುವುದಿಲ್ಲ.

ವಕೀಲೆಗೆ ಅರ್ಥವಾಗಲಿಲ್ಲ. ಧಾರಾವಾಹಿಯಲ್ಲಿ ಆ ಹೆಸರನ್ನು ಬಳಸಿಯೇ ಇಲ್ಲವಲ್ಲ, ನಿಮಗೇನು ನಷ್ಟ ಎಂದರು.

“ಬಳಸಲ್ಲ ಅಂದ್ರೆ ನಿಮಗ್ಯಾಕೆ ಬೇಕು?”

“ಮುಂದೆ ಬೇಕಾಗಬಹುದು. ಆಟಿಕೆ ಬರುತ್ತೆ, ಪುಸ್ತಕ ಬರುತ್ತೆ.”

“ಅದು ನಮ್ಮಮ್ಮನ ಹೆಸರು. ನಮ್ಮಪ್ಪ ಬದುಕಿರೋವರೆಗೆ ಬೇರೆಯವರ ಹೆಂಡತಿ ಹೆಸರಿನ ದೋಣಿ ಓಡಿಸಿದ. ಇದು ಒಂದಾದ್ರೂ ನಮ್ಮ ಮನೆಯದಿರಲಿ.”

ಮೇಲಿನವರನ್ನು ಕೇಳಿ ಹೇಳುತ್ತೇನೆ ಎಂದು ವಕೀಲೆ ಫೋನ್ ಇಟ್ಟರು. ಹೆಸರಿಲ್ಲದೆ ಒಪ್ಪಂದವಿಲ್ಲ ಎಂದು ಒಮ್ಮೆ ಹೇಳಿಕಳಿಸಿದರು. ರೋಝಾನ್ ಹಾಗಿದ್ದರೆ ಬೇಡ ಎಂದರು. ಟ್ರೆವರ್‌ನ ಗತಿ ಏನು ಎಂದು ಯೋಚಿಸಲಿಲ್ಲವೇ ಎಂದು ಕೇಳಿದರೆ ಯೋಚಿಸಿದೆ ಎನ್ನುತ್ತಾರೆ. ಅವನಿಗೆ ತಾವೇ ಫೋನ್ ಮಾಡಿ, ನಿನಗೆ ಕೊಡಬಹುದಾದದ್ದನ್ನೆಲ್ಲ ಕೊಟ್ಟಿದ್ದೇನೆ, ಇದೊಂದು ಆಗುವುದಿಲ್ಲ ಎಂದರಂತೆ. ಅವನು, “ಕೊಡಬೇಡಿ” ಎಂದನಂತೆ. ಅವರಿಬ್ಬರ ನಡುವಿನ ಎರಡನೆಯ ಮತ್ತು ಕೊನೆಯ ಫೋನ್ ಅದು.

ನವೆಂಬರ್ ಕೊನೆಯಲ್ಲಿ ಸ್ಟುಡಿಯೊ ಒಪ್ಪಿತು. ಹೆಸರನ್ನು ಬಿಟ್ಟು ಮಿಕ್ಕದ್ದೆಲ್ಲ ಅವರದಾಯಿತು. ಗ್ವೆನ್ ಡುಫೋ ಗ್ರಂಥಾಲಯದ ಮೇಜಿನ ಮೇಲೆ ಪ್ರತಿ ಸಾಲನ್ನೂ ಓದಿ ಹೇಳಿ ಸಹಿ ಹಾಕಿಸಿದರು. ಆವತ್ತೇ ಮನೆಗೆ ಬಂದು ರೋಝಾನ್ ಯಾರ್ಡ್‌ನಲ್ಲಿದ್ದ ಹಿಲ್ಮಾದ ನಕ್ಷೆಗಳನ್ನು ಒಂದೊಂದಾಗಿ ತೆಗೆದರು. ಮಹಡಿಗಳ ನಕ್ಷೆ, ಎಂಜಿನ್ ಕೋಣೆ, ಸಿಬ್ಬಂದಿಯ ಊಟದ ಮೇಜು, ಎಲ್ಲ. ಒಪ್ಪಂದದ ಪ್ರಕಾರ ಅವನ್ನು ಅಲ್ಲಿಡುವ ಹಾಗಿರಲಿಲ್ಲ. ಆ ಜಾಗದಲ್ಲಿ ಈಗ ಖಾಲಿ ಚೌಕಗಳಿವೆ.

ಬೆಲೆ ತೆತ್ತದ್ದು ಅಷ್ಟೇ ಅಲ್ಲ. ಬ್ರಾಡಿ ಹೋಲ್ಕಂಬ್ ಇನ್ನೊಂದು ವಿಡಿಯೊ ಮಾಡಿ, ಈ ಸಲ ಅಡುಗೆಯವಳನ್ನೇ ಬೈದ. ಹೋರಾಟಕ್ಕೆ ನಿಂತವರ ಬೆನ್ನಿಗೆ ಇರಿದಳು, ಇನ್ನು ಮುಂದೆ ಯಾವ ಸ್ಟುಡಿಯೊಗಾದರೂ ಯಾವ ಅಭಿಮಾನಿಯ ಹಡಗನ್ನಾದರೂ ಎತ್ತಿಕೊಳ್ಳುವ ಧೈರ್ಯ ಬರುತ್ತದೆ ಎಂದ. ಕೆಲವರು ಯಾರ್ಡ್ ಬಿಟ್ಟು ಹೋದರು. ಮರದ ಹಿಲ್ಮಾ ಕೆತ್ತಿದ್ದಾತ ಅದನ್ನು ಏನು ಮಾಡಲಿ ಎಂದು ಕೇಳಿದ. ರೋಝಾನ್ ಗ್ವೆನ್‌ರನ್ನು ಕೇಳಿ ನೋಡಿದರು, ಇತ್ಯರ್ಥವಾಗಲಿಲ್ಲ. ಅದು ಇನ್ನೂ ಅವನ ಕಪಾಟಿನ ಮೇಲೇ ಇದೆಯಂತೆ. ಟ್ರೆವರ್ ಕೆಲಸದಲ್ಲಿ ಉಳಿದ, ಆದರೆ ಧಾರಾವಾಹಿಯಿಂದ ತೆಗೆದು ಅವನನ್ನು ಕಾರಿನ ಜಾಹೀರಾತುಗಳಿಗೆ ಹಾಕಿದ್ದಾರೆ. ಬ್ರಾಡಿಯ ಮಾತಿಗೆ ಏನನ್ನುತ್ತೀರಿ ಎಂದರೆ ರೋಝಾನ್ ಭುಜ ಕುಣಿಸುತ್ತಾರೆ. “ಅವನು ಹೇಳಿದ್ದು ಪೂರ್ತಿ ಸುಳ್ಳೇನಲ್ಲ. ಆದ್ರೆ ಹೋರಾಟಕ್ಕೆ ನನ್ನ ಅಮ್ಮನ್ನ ಮುಂದೆ ನಿಲ್ಲಿಸಿದ್ದ. ನನ್ನನ್ನ ಕೇಳಿರಲಿಲ್ಲ.”

ಈಗ ಮಾರ್ಚ್. ಬಂದರಿನ ಮಂಜುಗಡ್ಡೆ ಅಂಚಿನಿಂದ ಸಡಿಲವಾಗುತ್ತಿದೆ. ಚಳಿಗಾಲವೆಲ್ಲ ನಿಂತಿದ್ದ ಟಗ್‌ಗಳನ್ನು ತೊಳೆದು ಬಣ್ಣ ಬಳಿಯುತ್ತಿದ್ದಾರೆ. ರೋಝಾನ್‌ಗೆ ಐವತ್ತೊಂಬತ್ತು. ಬೆಳಗಿನ ಜಾವ ಬೇರೆಯವರ ಹಡಗು ನೋಡಿ ತಪ್ಪು ಹೇಳುವ ಕೆಲಸವನ್ನು ಅವರು ಬಿಟ್ಟಿಲ್ಲ. ಕೇಳುವವರು ಕಡಿಮೆಯಾಗಿದ್ದಾರೆ, ಆದರೂ ಕೇಳುತ್ತಾರೆ. ಶನಿವಾರ, ಭಾನುವಾರ ಮಾತ್ರ ಸ್ವಂತದ್ದೊಂದನ್ನು ಬಿಡಿಸುತ್ತಿದ್ದಾರೆ. ಕಸ ಸಾಗಿಸುವ ಹಡಗು. ಅದು ಯಾವ ಧಾರಾವಾಹಿಯದೂ ಅಲ್ಲ. ಅದರ ಸೊಂಟದಲ್ಲಿ ಬಳೆಗಳಿಲ್ಲ.

“ಇಷ್ಟು ವರ್ಷ ಹಡಗು ಯಾಕೆ ಹಾರುತ್ತೆ ಅಂತ ನಾನು ತಲೆ ಕೆಡಿಸಿಕೊಂಡೇ ಇರಲಿಲ್ಲ. ಅದನ್ನ ಅವರು ಯೋಚಿಸಿಟ್ಟಿದ್ರು. ನಾನು ಬಾಗಿಲು, ಏಣಿ, ಬಚ್ಚಲು ನೋಡ್ಕೊಂಡಿದ್ದೆ. ಈಗ ಬುಡದಿಂದ ಶುರು. ಮೂರು ತಿಂಗಳಾಯ್ತು, ಇನ್ನೂ ನೆಲ ಬಿಟ್ಟು ಎದ್ದಿಲ್ಲ.”

ಅವರು ಪರದೆಯ ಮೇಲೆ ಅದನ್ನು ತಿರುಗಿಸಿ ತೋರಿಸುತ್ತಾರೆ. ಡೊಳ್ಳುಹೊಟ್ಟೆಯ, ಅಗಲ ಬಾಯಿಯ, ನೋಡಲು ಅಷ್ಟೇನೂ ಚಂದವಿಲ್ಲದ ಹಡಗು. ಹೆಸರಿನ್ನೂ ಇಟ್ಟಿಲ್ಲ. ಯಾರ್ಡ್‌ನಲ್ಲಿ ಹಾಕಿದಾಗ ನೋಡಿದವರು ಬೆರಳೆಣಿಕೆಯ ಮಂದಿ. ಯಾರಿಗೂ ಗೊತ್ತಿಲ್ಲದ ಲೋಕದ ಕಸದ ಹಡಗನ್ನು ನೋಡಲು ಯಾರು ಬರುತ್ತಾರೆ ಎಂದು ಲೈಲ್ ಮೇಲಿನಿಂದ ಕೂಗಿ ಕೇಳುತ್ತಾರೆ. ರೋಝಾನ್ ಹಡಗನ್ನು ಇನ್ನೊಂದು ಮಗ್ಗುಲಿಗೆ ತಿರುಗಿಸುತ್ತಾರೆ.

ಇದು ಮುಗಿದ ಮೇಲೆ ಏನಾಗಬೇಕು ಎಂಬ ಪ್ರಶ್ನೆಗೆ ಮಾತ್ರ ಅವರ ಬಳಿ ಸಿದ್ಧ ಉತ್ತರವಿದೆ. ತಿರುಗುತ್ತಿದ್ದ ಹಡಗನ್ನು ನಿಲ್ಲಿಸಿ, ಕನ್ನಡಕ ತೆಗೆದು ಒರೆಸುತ್ತ ಹೇಳುತ್ತಾರೆ.

“ಯಾರಾದ್ರೂ ಒಬ್ಬರು ಬಂದು, ಇದನ್ನ ತಗೋಬಹುದಾ ಅಂತ ಕೇಳ್ಬೇಕು. ತಗೊಳ್ಳಿ ಅನ್ನೋದಕ್ಕೆ ಈ ಸಲ ನನಗೆ ಹಕ್ಕಿದೆ.”